ಯಾರ ಸ್ಪೀಡಿಗೆ ಅಳೆದಿದ್ದು?

2016ರಲ್ಲಿ 3ಟಿ ಅನ್ನೋ ಕಂಪನಿ ‘ಎಕ್ಸ್‌ಪ್ಲೋರೊ’ ಅಂತ ಒಂದು ಗ್ರಾವೆಲ್ ಬೈಕ್ ತಂತು. ಗ್ರಾವೆಲ್ ಬೈಕ್ ಅಂದ್ರೆ ನೋಡೋಕೆ ರೇಸ್ ಸೈಕಲ್ ಥರಾನೇ, ಕೆಳಗೆ ಬಾಗಿದ ಹ್ಯಾಂಡಲ್. ಟೈರ್ ಮಾತ್ರ ದಪ್ಪ, ಟಾರ್ ಇಲ್ಲದ ರಸ್ತೆಯಲ್ಲೂ ಓಡಲಿ ಅಂತ. ಈ ಸೈಕಲ್ಲಿನ ಹೆಚ್ಚುಗಾರಿಕೆ ಏನಂದ್ರೆ, ದಪ್ಪ ಟೈರ್ ಇಟ್ಟುಕೊಂಡೇ ಗಾಳಿಯನ್ನ ಸೀಳಿಕೊಂಡು ಹೋಗೋ ಹಾಗೆ ಫ್ರೇಮ್ ಮಾಡಿದ್ದರು. ನನಗೆ ಹಿಡಿಸಿದ್ದು ಫ್ರೇಮಿಗಿಂತ ಅದನ್ನು ಪರೀಕ್ಷೆ ಮಾಡಿದ ರೀತಿ. ಗಾಳಿ ಸುರಂಗದೊಳಗೆ 40 ಮಿ.ಮೀ.ನ ಗುಬುಟು ಟೈರ್ ಹಾಕಿ, ಎರಡು ನೀರಿನ ಬಾಟಲಿ ಸಿಕ್ಕಿಸಿ, ಸಾಲದು ಅಂತ ಕೆಸರನ್ನೂ ಮೆತ್ತಿ ಗಾಳಿ ಬಿಟ್ಟಿದ್ದರು. ಅದೂ ಗಂಟೆಗೆ 32 ಕಿ.ಮೀ. ವೇಗದಲ್ಲಿ. ಈ ಉದ್ಯಮದ ರೂಢಿ 48 ಕಿ.ಮೀ., ಫಳಫಳ ಹೊಳೆಯೋ ಸೈಕಲ್, ಬಾಟಲಿ ಗೀಟಲಿ ಏನೂ ಇಲ್ಲ.

ವಿನ್ಯಾಸ ಮಾಡಿದವನು ಜೆರಾರ್ಡ್ ವ್ರೂಮೆನ್, ಸರ್ವೆಲೊ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬ. ಹಾಗಂತ ಅವನೇನು ಧರ್ಮಕಾರ್ಯಕ್ಕೆ ಇಳಿದಿರಲಿಲ್ಲ, ಮಾರಿದ್ದು ದುಬಾರಿ ಸೈಕಲ್ಲನ್ನೇ. ಆದರೂ ಆ ಕೆಸರು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಳತೆಯಲ್ಲಿ ಒಂದಿಷ್ಟೂ ಸುಳ್ಳು ಹೇಳದೆ, ಯಾವ ಸ್ಥಿತಿಯಲ್ಲಿ ಅಳೀತೀವಿ ಅನ್ನೋ ಒಂದೇ ಆಯ್ಕೆಯಿಂದ ಒಂದು ಇಡೀ ಗುಂಪಿನ ಜನರನ್ನ ಲೆಕ್ಕದಿಂದ ಹೊರಗೆ ಹಾಕಬಹುದು ಅಂತಾದ್ರೆ, ಆ ಆಯ್ಕೆ ಬರೀ ತಾಂತ್ರಿಕ ವಿಷಯವಾ?

ಸ್ವಲ್ಪ ಲೆಕ್ಕ ಹಾಕೋಣ, ಬೋರ್ ಆಗಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಅದನ್ನ ಎದುರಿಸೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಅಂದ್ರೆ ವೇಗ ಮೂರು ಪಟ್ಟಾದ್ರೆ ಗಾಳಿಗೆ ತೆರಬೇಕಾದ ಶಕ್ತಿ 27 ಪಟ್ಟು. ಟೈರಿನ ಉರುಳುತಡೆಗೆ ಬೇಕಾದ ಶಕ್ತಿ ಹಾಗಲ್ಲ, ವೇಗ ಮೂರು ಪಟ್ಟಾದ್ರೆ ಅದೂ ಮೂರೇ ಪಟ್ಟು. ಸವಾರ, ಸೈಕಲ್ ಸೇರಿ 85 ಕೆ.ಜಿ. ಅಂತಿಟ್ಟುಕೊಂಡು, ಮಣ್ಣಿನ ದಾರಿ ಅಂತ ಊಹಿಸಿ ನಾನು ಒರಟು ಲೆಕ್ಕ ಹಾಕಿದೆ. ಗಂಟೆಗೆ 48 ಕಿ.ಮೀ. ಓಡಿದರೆ ಗಾಳಿಗೆ ಹತ್ತಿರ ಹತ್ತಿರ 545 ವ್ಯಾಟ್, ಟೈರಿಗೆ 165. ಅದೇ 16 ಕಿ.ಮೀ.ನಲ್ಲಿ ಗಾಳಿಗೆ ಬರೀ 20, ಟೈರಿಗೆ 55. ಮೊದಲನೆಯವನ ಶತ್ರು ಗಾಳಿ, ಎರಡನೆಯವನ ಶತ್ರು ನೆಲ. ಆದರೆ ಕ್ಯಾಟಲಾಗಿನಲ್ಲಿ ಇಬ್ಬರಿಗೂ ಒಂದೇ ಪದ ಅಚ್ಚಾಗಿರುತ್ತೆ: ಫಾಸ್ಟ್.

ಹಾಗಾದ್ರೆ ನಿಧಾನಕ್ಕೆ ಹೋಗುವವರಿಗೆ ಏರೋಡೈನಮಿಕ್ಸ್ ದಂಡ ಅಂತ ತೀರ್ಮಾನಿಸಿ ಎದ್ದು ಹೋಗೋ ಹಾಗೂ ಇಲ್ಲ. ಇದಕ್ಕೆ ನಮ್ಮ ಕಡೆ ಬರಬೇಕು.

ಕೂಡ್ಲಿಗಿಯಿಂದ ಕೊಟ್ಟೂರು, ಅಲ್ಲಿಂದ ಹರಪನಹಳ್ಳಿ. ಮ್ಯಾಪ್ ತೆಗೆದು ನೋಡಿ, ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗೋ ದಾರಿ. (ಹರಪನಹಳ್ಳಿ ಮಾತ್ರ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ವಾಪಸ್ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರ್ತು. ಊರು ಕೂತಲ್ಲೇ ಕೂತಿದೆ, ಜಿಲ್ಲೆ ಮಾತ್ರ ಬದಲಾಗ್ತಾ ಬಂತು.) ಆಷಾಢದಲ್ಲಿ ಪಶ್ಚಿಮದಿಂದ ಗಾಳಿ ಬೀಸೋಕೆ ಶುರುವಾಯ್ತು ಅಂದ್ರೆ ಈ ಬಯಲಲ್ಲಿ ಅದಕ್ಕೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಜಾಲಿ, ಮತ್ತೆ ಬಯಲು. ಎದುರು ಗಾಳಿ ಗಂಟೆಗೆ 16 ಕಿ.ಮೀ. ಇದ್ದರೆ ನಮ್ಮ 16 ಕಿ.ಮೀ. ಸವಾರನ ಗಾಳಿ ಖರ್ಚು 20 ವ್ಯಾಟಿನಿಂದ 80ಕ್ಕೆ ಜಿಗಿಯುತ್ತೆ. ರೇಸ್ ಹೊಡೆಯುವವನು ಅದೇ ದಾರಿಯನ್ನ ಬೇಗ ಮುಗಿಸಿ ಮನೆ ಸೇರ್ತಾನೆ. ಇವನು ಗಾಳಿಯಲ್ಲಿ ಗಂಟೆಗಟ್ಟಲೆ ಇರಬೇಕು. ಹಾಗಾಗಿ ಗಾಳಿ ತಡೆ ಶೇಕಡಾ ಇಷ್ಟು ಕಡಿಮೆಯಾದರೆ ನಿಮಿಷಗಳ ಲೆಕ್ಕದಲ್ಲಿ ಹೆಚ್ಚು ಉಳಿಯೋದು ನಿಧಾನಸ್ಥನಿಗೇ.

ಈಗ ದಿಕ್ಕು ಬದಲಿಸಿ ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಬನ್ನಿ. ಇದು ಉತ್ತರದಿಂದ ದಕ್ಷಿಣಕ್ಕೆ, ಅಂದ್ರೆ ಅದೇ ಗಾಳಿ ಈಗ ಪಕ್ಕದಿಂದ. 48ರಲ್ಲಿ ಓಡುವವನಿಗೆ 16 ಕಿ.ಮೀ.ನ ಅಡ್ಡಗಾಳಿ ಮೂಗಿನ ನೇರದಿಂದ ಸುಮಾರು 18 ಡಿಗ್ರಿ ಓರೆಯಲ್ಲಿ ತಾಕುತ್ತೆ. 16ರಲ್ಲಿ ಹೋಗುವವನಿಗೆ ಸರಿಯಾಗಿ 45 ಡಿಗ್ರಿ. ಗಾಳಿ ಸುರಂಗದ ಗ್ರಾಫುಗಳು ಸಾಮಾನ್ಯವಾಗಿ ಎರಡೂ ಕಡೆ 15 ಡಿಗ್ರಿ, ಹೆಚ್ಚಂದ್ರೆ 20 ಡಿಗ್ರಿಗೆ ಮುಗಿದುಹೋಗ್ತವೆ. ಅಂದ್ರೆ ಹಗರಿಬೊಮ್ಮನಹಳ್ಳಿ ದಾರಿಯ ಸವಾರ ಆ ಗ್ರಾಫಿನಲ್ಲಿ ಹಿಂದೆ ಬಿದ್ದಿದ್ದಾನೆ ಅನ್ನೋ ಹಾಗೂ ಇಲ್ಲ, ಅವನು ಗ್ರಾಫಿನ ಕಾಗದದ ಮೇಲೇ ಇಲ್ಲ. ಚೂಪು ಚಪ್ಪಟೆ ಟ್ಯೂಬುಗಳು 10 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡ್ತವೆ. ಅಷ್ಟು ಓರೆಯಾದ ಗಾಳಿಗೆ ಅವೇ ಹಾಯಿಯಂತೆ ಹಿಡಿದು ಸೈಕಲ್ಲನ್ನ ರಸ್ತೆಯ ಅಂಚಿಗೆ ತಳ್ಳೋಕೆ ಶುರು ಮಾಡ್ತವೆ.

ಟೈರಿನ ಕಥೆ ಇನ್ನೂ ಚೆನ್ನಾಗಿದೆ. ದಪ್ಪ ಟೈರ್ ಮುಂದೆ ಗಾಳಿಯನ್ನ ಅಗಲಕ್ಕೆ ತಳ್ಳುತ್ತೆ. ಹಾಗೆ ಚದುರಿದ ಗಾಳಿ ಮತ್ತೆ ಬಂದು ಅಂಟಿಕೊಳ್ಳಬೇಕು ಅಂದ್ರೆ ಹಿಂದಿರೋ ರಿಮ್ ಟೈರಿಗಿಂತ ಸ್ವಲ್ಪ ಅಗಲ ಇರಬೇಕು. ಜಿಪ್ ಕಂಪನಿಯಲ್ಲಿದ್ದ ಜಾಶ್ ಪೋರ್ಟ್ನರ್ ಕೊಟ್ಟ ಅಂದಾಜಿನ ಸೂತ್ರ, ರಿಮ್ಮಿನ ಅಗಲ ಟೈರಿನ ಅಗಲದ ಶೇ. 105 ಆದರೂ ಇರಲಿ ಅಂತ. 25 ಮಿ.ಮೀ. ಟೈರಿಗೆ ಇದು ಸುಲಭ. 45ಕ್ಕೆ ಬಂದ್ರೆ ರಿಮ್ ತೂಕದ ಬಂಡೆಯಾಗುತ್ತೆ. ಆಗ ಫ್ರೇಮಿನ ಕೆಳಗಿನ ಟ್ಯೂಬನ್ನೇ ಅಗಲ ಮಾಡಿ, ಟೈರಿನ ಹಿಂದೆ ಆದಷ್ಟು ಒತ್ತಾಗಿ ಕೂರಿಸ್ತಾರೆ, ಸಂದಿಯಲ್ಲಿ ಗಾಳಿ ಸುಳಿಯದ ಹಾಗೆ. ಸುರಂಗದಲ್ಲಿ ಇದು ಬುದ್ಧಿವಂತಿಕೆ. ಹಡಗಲಿ ಕಡೆಯ ಎರೆ ಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದರೆ ಆ ಕಿರಿದಾದ ಸಂದಿಯೇ ಶಾಪ. ಎರೆಮಣ್ಣು ಟೈರಿಗೆ ಸುತ್ತಿಕೊಂಡು, ಫ್ರೇಮಿಗೆ ಕಚ್ಚಿ, ಚಕ್ರ ತಿರುಗೋದೇ ನಿಂತುಬಿಡುತ್ತೆ. ಎರೆ ಭೂಮಿಯಲ್ಲಿ ಸೈಕಲ್ ತುಳಿದ ಯಾರನ್ನಾದ್ರೂ ಕೇಳಿ, ಸೈಕಲ್ ಹೆಗಲ ಮೇಲೆ ಬಂದ ಕಥೆ ಒಂದಾದ್ರೂ ಇರುತ್ತೆ. ಗಾಳಿ ಸಂದಿ ಚಿಕ್ಕದು ಕೇಳುತ್ತೆ, ಮಣ್ಣು ದೊಡ್ಡದು ಕೇಳುತ್ತೆ. ಎಷ್ಟು ಬಿಡಬೇಕು ಅನ್ನೋದನ್ನ ಭೌತಶಾಸ್ತ್ರ ಹೇಳಲ್ಲ. ಯಾರಿಗೋಸ್ಕರ ಅನ್ನೋದನ್ನ ನಾವು ಹೇಳಿದ ಮೇಲಷ್ಟೇ ಅದು ಬಾಯಿ ಬಿಡೋದು.

‘ದಪ್ಪ ಟೈರ್’ ಅಂತ ಈಗ ಹೊಸದಾಗಿ ಕಂಡುಹಿಡಿದವರ ಹಾಗೆ ಮಾತಾಡ್ತಾರಲ್ಲ, ಅದೂ ಸ್ವಲ್ಪ ತಮಾಷೆ. ನಮ್ಮ ಅಜ್ಜಂದಿರ ಕರಿ ಸೈಕಲ್ಲಿನ ಟೈರ್ 28 ಇಂಚು, ಒಂದೂವರೆ ಇಂಚು ಅಗಲ. ಮಿಲಿಮೀಟರಿಗೆ ತಿರುಗಿಸಿದರೆ ಹತ್ತಿರ ಹತ್ತಿರ 40. ವ್ರೂಮೆನ್ ಸುರಂಗಕ್ಕೆ ಒಯ್ದ ಅಗಲವೇ! ಆ ಸೈಕಲ್ಲಿನಲ್ಲಿ ಗಾಳಿಯನ್ನ ಎದೆಕೊಟ್ಟು ನಿಲ್ಲಿಸೋ ಹಾಗೆ ನೆಟ್ಟಗೆ ಕೂರಬೇಕು, ಹಿಂದೆ ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆ. ಗಾಳಿ ತಡೆಯಲ್ಲಿ ದೊಡ್ಡ ಪಾಲು ಯಾವಾಗ್ಲೂ ಸವಾರನ ಮೈಯದ್ದೇ, ಸೈಕಲ್ಲಿನದ್ದು ಸಣ್ಣ ಪಾಲು. ಹೊರೆಯ ಪಾಲು ಎಷ್ಟು ಅಂತ ಯಾವ ಕ್ಯಾಟಲಾಗಿನಲ್ಲೂ ನಾನು ನೋಡಿಲ್ಲ.

ಅಗಲ ಚಕ್ರದ ಚರಿತ್ರೆಯಲ್ಲಿ ಈ ‘ಯಾರಿಗೋಸ್ಕರ’ ಮತ್ತೆ ಮತ್ತೆ ಬರುತ್ತೆ. 1753ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಗಾಡಿಗಳ ಚಕ್ರ ಒಂಬತ್ತು ಇಂಚು ಅಗಲ ಇರಲಿ ಅಂತ ಕಾಯ್ದೆ ಮಾಡಿತು. ಚಿಂತೆ ಇದ್ದದ್ದು ರಸ್ತೆ ಹಾಳಾಗುತ್ತೆ ಅಂತ, ಕುದುರೆಯ ಮೇಲಿನ ಕರುಣೆಯಿಂದ ಹುಟ್ಟಿದ್ದಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಟ್ರೈಸಿಕಲ್ ಕಲ್ಲು ಹಾಸಿನ ಮೇಲೆ ಕುಲುಕದಿರಲಿ ಅಂತ ರಬ್ಬರಿಗೆ ಗಾಳಿ ತುಂಬಿ ಕಟ್ಟಿದ. ಮಗುವಿನ ಸೊಂಟಕ್ಕೆ ಅಂತ ಮಾಡಿದ್ದು ಮರುವರ್ಷವೇ ರೇಸ್ ಗೆಲ್ಲೋಕೆ ಶುರುವಾಯ್ತು. ನಮ್ಮಲ್ಲಿ ಬೆಂಗಳೂರು ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಮ್ಯಾನೇಜ್‌ಮೆಂಟ್ ಪಾಠದ ಜತೆಗೆ ವರ್ಷಗಟ್ಟಲೆ ಎತ್ತಿನ ಗಾಡಿಯ ಹಿಂದೆ ಬಿದ್ದಿದ್ದರು. ಆಗ ಎಲ್ಲರೂ ಗಾಡಿಯನ್ನ ಅಳೆಯುತ್ತಿದ್ದದ್ದು ಎಷ್ಟು ಹೇರು ಸಾಗಿಸುತ್ತೆ ಅಂತ. ಅವರು ನೊಗದ ಕೆಳಗೆ ಎತ್ತಿನ ಹೆಗಲು ಏನಾಗಿದೆ ಅಂತ ನೋಡಿದರು. ಮೈಲಾರದ ಜಾತ್ರೆಗೆ ಹೋಗೋ ಗಾಡಿಗಳ ಸಾಲನ್ನ ನೋಡಿದವರಿಗೆ ಗೊತ್ತು, ಟೈರ್ ಗಾಡಿ ಮತ್ತು ಕಬ್ಬಿಣದ ಪಟ್ಟಿಯ ಗಾಡಿ ಸದ್ದಿನಲ್ಲೇ ಬೇರೆ ಬೇರೆ. ಎತ್ತಿಗೆ ಅದರ ವ್ಯತ್ಯಾಸ ಸದ್ದಿನಲ್ಲಿ ಗೊತ್ತಾಗೋದಲ್ಲ.

ನಾನು ಕೋಡ್ ಬರೆದು ಬದುಕೋನು, ಹಾಗಾಗಿ ಇದು ಸೈಕಲ್ಲಿನ ಮಾತು ಮಾತ್ರ ಅಂತ ಸುಮ್ಮನಿರೋಕೆ ಆಗಲ್ಲ. ಹೊಸ ಫೋನು, ಆಫೀಸಿನ ವೈಫೈ, ಅದರಲ್ಲಿ ಆ್ಯಪ್ ಎರಡು ಸೆಕೆಂಡಿಗೆ ತೆರೆಯಿತು ಅಂತ ಡ್ಯಾಶ್‌ಬೋರ್ಡಿನಲ್ಲಿ ಹಸಿರು ಬರುತ್ತೆ. ಅದು ನಿಜವಾದ ಅಂಕಿ. ಹಳೆ ಫೋನು ಹಿಡಿದು ಉಜ್ಜಿನಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತವನಿಗೆ ನಾವು ಕೊಟ್ಟಿರೋ ಹೆಸರು ‘ಎಡ್ಜ್ ಕೇಸ್’. ಅವನ ಕಡೆಯಿಂದ ನೋಡಿದ್ರೆ ಅಂಚಿನಲ್ಲಿರೋದು ನಾವು.

ಇದಕ್ಕೆ ಒಂದು ಒಳ್ಳೆ ಉತ್ತರ ಇದೆ, ಅದನ್ನ ತಳ್ಳಿಹಾಕಬಾರದು. ರೇಸ್ ಸೈಕಲ್ ರೇಸಿಗೆ. ಕಾನ್ಸಸ್‌ನಲ್ಲಿ 200 ಮೈಲಿಯ ಅನ್‌ಬೌಂಡ್ ರೇಸ್ ಓಡುವವನಿಗೆ ಅಂತ ಮಾಡಿದ ಬೈಕಿನ ಮೇಲೆ ಹುಲ್ಲಿನ ಹೊರೆ ಏಕೆ ಹೇರಬೇಕು? ವಿನ್ಯಾಸ ಅಂದ್ರೇನೇ ಬಿಡೋದು. ಎಲ್ಲರಿಗೂ ಅಂತ ಹೊರಟರೆ ಯಾರಿಗೂ ಆಗದ ವಸ್ತು ಹುಟ್ಟುತ್ತೆ. ಒಪ್ಪಿದೆ. ನನ್ನ ತಕರಾರು ಬಿಟ್ಟಿದ್ದರ ಬಗ್ಗೆ ಇಲ್ಲ, ಬಿಟ್ಟಿದ್ದನ್ನ ಹೇಳದೇ ಇರೋದರ ಬಗ್ಗೆ. ‘48 ಕಿ.ಮೀ.ನಲ್ಲಿ, 10 ಡಿಗ್ರಿ ಒಳಗೆ, ಹೊರೆ ಇಲ್ಲದೆ ಫಾಸ್ಟ್’ ಅಂತ ಬರೆದರೆ ಜಗಳ ಮುಗೀತು. ಬರೀ ‘ಫಾಸ್ಟ್’ ಅಂತ ಬರೆದಾಗ ಒಬ್ಬನ ವೇಗ ಎಲ್ಲರ ವೇಗ ಆಗಿಬಿಡುತ್ತೆ. ಉಳಿದವರು ತಮ್ಮ ಕಾಲಿನಲ್ಲೇ ಏನೋ ಕೊರತೆ ಇದೆ ಅಂದುಕೊಳ್ತಾರೆ. ಬೆಂಗಳೂರಿನ ಸೈಕಲ್ ಗ್ರೂಪುಗಳಲ್ಲಿ ಲಕ್ಷಗಟ್ಟಲೆ ಸುರಿದು ಎರಡು ನಿಮಿಷ ಉಳಿಯದ್ದಕ್ಕೆ ಬೇಜಾರಾಗೋರನ್ನ ನೀವೂ ನೋಡಿರ್ತೀರಿ.

ವ್ರೂಮೆನ್‌ಗೂ ಒಂದು ಮಾತು ಹೇಳಬೇಕು. 48ನ್ನ 32ಕ್ಕೆ ಇಳಿಸಿದ್ದು ದೊಡ್ಡದು, ಕೆಸರು ಇನ್ನೂ ದೊಡ್ಡದು. ಆದರೆ ಮಣ್ಣಿನ ದಾರಿಯಲ್ಲಿ 32 ಕೂಡ ಗಟ್ಟಿ ಕಾಲಿನವರ ವೇಗವೇ. ನಾನಾಗಿದ್ದರೆ ಸುರಂಗಕ್ಕೆ ಏನು ಒಯ್ಯುತ್ತಿದ್ದೆ ಅಂತ ಯೋಚಿಸ್ತೀನಿ. 16 ಕಿ.ಮೀ. ವೇಗ, 45 ಡಿಗ್ರಿ ಗಾಳಿ, ಟೈರಿನ ಸುತ್ತ ಎರೆಮಣ್ಣಿಗೆ ಜಾಗ, ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿದರೂ ಮುಚ್ಚಿಕೊಳ್ಳೋ ಟ್ಯೂಬ್‌ಲೆಸ್ ಟೈರ್. ಹ್ಯಾಂಡಲ್ ಹಿಡಿದವಳು, ಹೈಸ್ಕೂಲಿಗೆ ಹೊರಟ ಹುಡುಗಿ. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದಾಗ ಈ ಐದೂ ತಾಲ್ಲೂಕಿನ ದಾರಿಗಳಲ್ಲಿ ಕಾಣೋಕೆ ಸಿಕ್ಕಿದ್ದು ಅವಳೇ.

ಅವಳನ್ನ ಸುರಂಗದೊಳಗೆ ಕೂರಿಸಿದರೆ ಬರೋ ಫಲಿತಾಂಶವೂ ನನಗೆ ಹೆಚ್ಚುಕಡಿಮೆ ಗೊತ್ತು. ಟ್ಯೂಬಿನ ಆಕಾರದಿಂದ ಅವಳಿಗೆ ಸಿಗೋದು ಕೆಲವೇ ವ್ಯಾಟ್. ಹ್ಯಾಂಡಲ್ ಎರಡು ಇಂಚು ಇಳಿಸಿ, ಬೆನ್ನ ಮೇಲಿನ ಬ್ಯಾಗನ್ನ ಕ್ಯಾರಿಯರಿಗೆ ಕಟ್ಟಿದರೆ ಅದಕ್ಕಿಂತ ಜಾಸ್ತಿ ಸಿಗಬಹುದು. ಊರಿನಿಂದ ಶಾಲೆವರೆಗಿನ ದಾರಿಗೆ ಟಾರ್ ಹಾಕಿದರೆ ಆ 55 ವ್ಯಾಟ್ ಅರ್ಧಕ್ಕಿಂತ ಕೆಳಗೆ ಇಳಿಯುತ್ತೆ. ಕಾರ್ಬನ್ ಫ್ರೇಮ್ ಮಾಡುವವನ ಹತ್ತಿರ ಅವಳಿಗೆ ಕೊಡೋಕೆ ಹೆಚ್ಚೇನೂ ಇಲ್ಲ, ಲೋಕೋಪಯೋಗಿ ಇಲಾಖೆಯ ಹತ್ತಿರ ಇದೆ. ಇಂಥ ಫಲಿತಾಂಶ ಬಂದರೆ ಯಾವ ಕಂಪನಿ ತಾನೇ ಅಚ್ಚು ಹಾಕಿಸುತ್ತೆ? ಸುರಂಗದ ಬಾಡಿಗೆಯನ್ನ ಗಂಟೆ ಲೆಕ್ಕದಲ್ಲಿ ಕೊಟ್ಟವರು ಅವರು.