ಕಾಯಕಕ್ಕೆ ಮೇಲು ಕೀಳುಂಟೆ?

ಶಿವಶರಣರು ಲೋಕಕ್ಕೆ ಅನುಗ್ರಹಿಸಿದ ತತ್ತ್ವಗಳಲ್ಲಿ ಕಾಯಕತತ್ತ್ವವು ಮುಕುಟಪ್ರಾಯವಾದುದು. ಕಾಯವನ್ನು ದುಡಿಸಿ, ಸತ್ಯಶುದ್ಧವಾಗಿ ಗಳಿಸಿ, ಗಳಿಸಿದುದನ್ನು ಗುರು-ಲಿಂಗ-ಜಂಗಮಕ್ಕೆ ಸವೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವ ಬಾಳೇ ಶರಣರ ಬಾಳು. ಈ ದೃಷ್ಟಿಯಲ್ಲಿ ದಂಡನಾಯಕನ ಕಾಯಕಕ್ಕೂ ಮಡಿವಾಳನ ಕಾಯಕಕ್ಕೂ ಅಂತರವಿಲ್ಲ. ಕಲ್ಯಾಣದ ಅನುಭವಮಂಟಪದಲ್ಲಿ ಅಂಬಿಗನೂ ಕಂಬಳಿ ನೇಯುವವನೂ ಹಗ್ಗ ಹೊಸೆಯುವವನೂ ಒಂದೇ ಸಾಲಿನಲ್ಲಿ ಕುಳಿತರು. ಈ ಮಾತನ್ನು ಭಕ್ತರೆಲ್ಲರೂ ಬಾಯಿಂದ ಒಪ್ಪುವರು. ಆದರೆ ಮಗನು ಯಾವ ಉದ್ಯೋಗವನ್ನು ಹಿಡಿದನೆಂದು ವಿಚಾರಿಸುವಾಗಲೂ, ಹೆಣ್ಣು ಕೊಡುವ ತರುವ ಮಾತುಕತೆಯಲ್ಲಿಯೂ, ಸಂಬಳವೆಷ್ಟು, ಹೆಸರೆಷ್ಟು ಎಂಬ ಪ್ರಶ್ನೆಯೇ ಮೊದಲು ಬರುತ್ತದೆ. ನಾಲಗೆಯು ಒಪ್ಪಿದ ತತ್ತ್ವವನ್ನು ಮನಸ್ಸು ಇನ್ನೂ ಒಪ್ಪಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ತತ್ತ್ವವನ್ನು ಒರೆಗೆ ಹಚ್ಚಬೇಕಾದರೆ ಕಠಿನವಾದ ಉದಾಹರಣೆಯನ್ನೇ ತೆಗೆದುಕೊಳ್ಳಬೇಕು. ಕೃಷಿ, ನೇಯ್ಗೆ, ಅಧ್ಯಾಪನ ಮೊದಲಾದವುಗಳು ಕಾಯಕವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆಟವನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡು, ಅದರಲ್ಲಿಯೂ ಅಗ್ರಸ್ಥಾನವನ್ನು ಎಂದಿಗೂ ಪಡೆಯದೆ, ಕೆಳಸಾಲಿನಲ್ಲಿಯೇ ಆಡಿ ಮುಗಿಸಿದವನ ಬದುಕು ಕಾಯಕವಾಗಬಲ್ಲುದೆ? ಇದನ್ನು ವಿಚಾರಿಸಲು ಇಂಗ್ಲೆಂಡಿನ ಕಡೆಗೆ ನೋಡುವುದು ಯುಕ್ತ. ಏಕೆಂದರೆ ಕಾಲ್ಚೆಂಡಾಟವು ಕೂಲಿಯ ವೃತ್ತಿಯಾಗಿ ಬೆಳೆದು ನಿಂತುದು ಆ ದೇಶದಲ್ಲಿ.

ಅಲ್ಲಿ 1885ರಲ್ಲಿ ಆಟಗಾರನಿಗೆ ಹಣ ಕೊಟ್ಟು ಆಡಿಸುವುದಕ್ಕೆ ವಿಧಿಯುಕ್ತ ಸಮ್ಮತಿ ದೊರೆಯಿತು. 1888ರಲ್ಲಿ ಹನ್ನೆರಡು ಕ್ಲಬ್ಬುಗಳು ಕೂಡಿ ಫುಟ್‌ಬಾಲ್ ಲೀಗನ್ನು ಕಟ್ಟಿದವು. ಕಾಲಕ್ರಮದಲ್ಲಿ ಅದು ನಾಲ್ಕು ಶ್ರೇಣಿಗಳಾಗಿ ಬೆಳೆಯಿತು. 1992ರಲ್ಲಿ ಅಗ್ರಶ್ರೇಣಿಯು ಪ್ರೀಮಿಯರ್ ಲೀಗ್ ಎಂಬ ಹೆಸರಿನಿಂದ ಬೇರೆಯಾಯಿತು. ಈಗ ಆ ಅಗ್ರಶ್ರೇಣಿಯಲ್ಲಿ 20 ಕ್ಲಬ್ಬುಗಳು. ಅದರ ಕೆಳಗಿನ ಮೂರು ಶ್ರೇಣಿಗಳಲ್ಲಿ 72. ಜಗತ್ತು ಹೆಸರು ಹಿಡಿದು ಕರೆಯುವುದು ಆ ಇಪ್ಪತ್ತನ್ನು. ಮಿಕ್ಕವುಗಳಲ್ಲಿ ಆಡುವವನು ಆಗಸ್ಟಿನಿಂದ ಮೇ ತಿಂಗಳವರೆಗೆ, ಮಳೆಯಲ್ಲಿಯೂ ಹಿಮದಲ್ಲಿಯೂ, ತನ್ನ ಶ್ರೇಣಿಯ 46 ಪಂದ್ಯಗಳಿಗೆ ಸಿದ್ಧನಾಗಿರಬೇಕು. ಅವನ ಕರಾರು ಅನೇಕವೇಳೆ ಒಂದೆರಡು ವರ್ಷಗಳದು. ಪ್ರತಿವರ್ಷವೂ ಆಟದ ಋತು ಮುಗಿದೊಡನೆ ಯಾರನ್ನು ಉಳಿಸಿಕೊಳ್ಳಲಾಗಿದೆ, ಯಾರನ್ನು ಬಿಡಲಾಗಿದೆ ಎಂಬ ಪಟ್ಟಿಯು ಹೊರಡುತ್ತದೆ. ಮೂವತ್ತೈದರ ಹೊತ್ತಿಗೆ ಬಹುಮಟ್ಟಿಗೆ ವೃತ್ತಿಯೇ ಮುಗಿಯುತ್ತದೆ. ಬಾಳು ಮಾತ್ರ ಅರ್ಧದಷ್ಟು ಉಳಿದಿರುತ್ತದೆ.

ಇಲ್ಲಿ ಮೊದಲನೆಯ ಶಂಕೆಯು ಏಳುತ್ತದೆ. ಒಕ್ಕಲಿಗನು ಅನ್ನವನ್ನು ಬೆಳೆಯುವನು, ನೇಕಾರನು ಮಾನವನ್ನು ಮುಚ್ಚುವನು. ಚೆಂಡನ್ನು ಒದೆಯುವವನು ಲೋಕಕ್ಕೆ ಏನನ್ನು ಕೊಡುವನು? ವಿನೋದವು ಕಾಯಕವೆನಿಸೀತೆ?

ಸಮಾಧಾನವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಶರಣಸಂಕುಲದಲ್ಲಿ ಬಹುರೂಪಿ ಚೌಡಯ್ಯನಿದ್ದನು. ವೇಷಗಳನ್ನು ಕಟ್ಟಿ ಆಡುವುದು ಅವನ ಕಾಯಕ. ನಗೆಯ ಮಾರಿತಂದೆಯಿದ್ದನು, ಜನರನ್ನು ನಗಿಸುವುದು ಅವನ ಕಾಯಕ. ಕಿನ್ನರಿಯನ್ನು ನುಡಿಸಿದ ಬೊಮ್ಮಯ್ಯನಿದ್ದನು. ಇವರು ಧಾನ್ಯವನ್ನು ಬೆಳೆಯಲಿಲ್ಲ, ಬಟ್ಟೆಯನ್ನು ನೇಯಲಿಲ್ಲ. ಆದರೂ ಇವರ ಬದುಕು ಕಾಯಕವಲ್ಲವೆಂದು ಶರಣರಾರೂ ನುಡಿಯಲಿಲ್ಲ. ದಣಿದ ಜೀವಕ್ಕೆ ಉಲ್ಲಾಸವನ್ನು ಕೊಡುವುದೂ ಒಂದು ಸೇವೆಯೇ. ಇಂಗ್ಲೆಂಡಿನ ಸ್ವಿಂಡನ್ ಎಂಬ ಪಟ್ಟಣವು ರೈಲ್ವೆಯ ದೊಡ್ಡ ಕಾರ್ಖಾನೆಯಿಂದ ಬೆಳೆದುದು. ಆ ಕಾರ್ಖಾನೆಯು 1986ರಲ್ಲಿ ಮುಚ್ಚಿತು. ಅದು ನಡೆಯುತ್ತಿದ್ದ ಕಾಲದಲ್ಲಿ ವಾರವಿಡೀ ಕಬ್ಬಿಣದೊಡನೆ ಹೆಣಗಿದ ಕೆಲಸಗಾರನಿಗೆ ಶನಿವಾರದ ಮಧ್ಯಾಹ್ನದ ಆಟವು ನೆರೆಹೊರೆಯವರೊಡನೆ ಒಂದಾಗಿ ನಿಲ್ಲುವ ಸಮಯವಾಗಿತ್ತು. ಅವನಿಗೆ ಆ ಎರಡು ಗಳಿಗೆಯ ಹರ್ಷವನ್ನು ಪ್ರಾಮಾಣಿಕವಾಗಿ ಬೆವರು ಸುರಿಸಿ ಕೊಟ್ಟವನು ಏನನ್ನೂ ಕೊಡಲಿಲ್ಲವೆನ್ನುವುದು ನ್ಯಾಯವಲ್ಲ.

ಆ ಪಟ್ಟಣದ ಕ್ಲಬ್ಬಿನಲ್ಲಿ ಜಾನ್ ಟ್ರಾಲಪ್ ಎಂಬ ಆಟಗಾರರಿದ್ದರು. 1960ರಲ್ಲಿ, ಹದಿನೇಳರ ಪ್ರಾಯದಲ್ಲಿ, ಎಡಬದಿಯ ರಕ್ಷಕನ ಸ್ಥಾನದಲ್ಲಿ ಆಡತೊಡಗಿದ ಅವರು 1980ರವರೆಗೆ ಅದೇ ಕ್ಲಬ್ಬಿಗಾಗಿ 770 ಲೀಗ್ ಪಂದ್ಯಗಳನ್ನು ಆಡಿದರು. ಒಂದೇ ಕ್ಲಬ್ಬಿಗೆ ಅಷ್ಟು ಪಂದ್ಯಗಳನ್ನು ಅವರಿಗಿಂತ ಮೊದಲು ಯಾರೂ ಆಡಿರಲಿಲ್ಲ. ಪೋರ್ಟ್ಸ್‌ಮತ್ತಿನ ಜಿಮ್ಮಿ ಡಿಕಿನ್ಸನ್ನರ 764 ಅದುವರೆಗಿನ ಮಿತಿಯಾಗಿತ್ತು. ಡಿಕಿನ್ಸನ್ನರು 48 ಸಲ ಇಂಗ್ಲೆಂಡಿನ ತಂಡದಲ್ಲಿ ಆಡಿದವರು; ಟ್ರಾಲಪರಿಗೆ ಆ ಕರೆಯು ಒಮ್ಮೆಯೂ ಬರಲಿಲ್ಲ. ಅವರ ಇಪ್ಪತ್ತು ವರ್ಷಗಳೂ ಎರಡನೆಯ ಮತ್ತು ಮೂರನೆಯ ಶ್ರೇಣಿಗಳಲ್ಲಿಯೇ ಕಳೆದವು. ಗೋಲು ಹೊಡೆದು ಜಯಘೋಷವನ್ನು ಕೇಳುವುದು ಅವರ ಸ್ಥಾನದ ಧರ್ಮವಾಗಿರಲಿಲ್ಲ. ಎದುರಾಳಿಯನ್ನು ತಡೆಯುವುದು, ಚೆಂಡನ್ನು ತನ್ನವನಿಗೆ ಒಪ್ಪಿಸುವುದು, ಮುಂದಿನ ಶನಿವಾರ ಮತ್ತೆ ಅದನ್ನೇ ಮಾಡುವುದು: ಇಷ್ಟೇ ಅವರ ಕೆಲಸ.

1969ರ ಮಾರ್ಚ್ 15ರಂದು ಮೂರನೆಯ ಶ್ರೇಣಿಯ ಆ ಸ್ವಿಂಡನ್ ತಂಡವು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಕೆಸರಿನಲ್ಲಿ, ಹೆಚ್ಚಿನ ವೇಳೆಯವರೆಗೂ ಹೋರಾಡಿ, ಪ್ರಥಮಶ್ರೇಣಿಯ ಆರ್ಸೆನಲ್ ತಂಡವನ್ನು 3-1ರಿಂದ ಸೋಲಿಸಿ ಲೀಗ್ ಕಪ್ಪನ್ನು ಗೆದ್ದಿತು. ಟ್ರಾಲಪರೂ ಅಂದು ಆಡಿದರು. ಆದರೆ ಗೆದ್ದವರಿಗೆ ಸಲ್ಲಬೇಕಾಗಿದ್ದ ಯೂರೋಪಿನ ಪಂದ್ಯಾವಳಿಯ ಪ್ರವೇಶವು ಸ್ವಿಂಡನ್ನಿಗೆ ಸಲ್ಲಲಿಲ್ಲ. ಕಾರಣವೇನು? ಅದು ಮೂರನೆಯ ಶ್ರೇಣಿಯ ತಂಡವೆಂಬುದೊಂದೇ. ಗುಣವನ್ನು ಕಣ್ಣಾರೆ ಕಂಡ ಮೇಲೆಯೂ ನೆಲೆಯನ್ನೇ ಕೇಳುವ ಈ ಬುದ್ಧಿಯು ನಮ್ಮ ನಾಡಿಗೆ ಹೊಸದಲ್ಲ. ಮಾದಾರ ಚೆನ್ನಯ್ಯನ ಭಕ್ತಿಯನ್ನು ಕಂಡೂ ಅವನ ಕುಲವನ್ನು ಕೇಳಿದವರು ಇಂತಹವರೇ. ಸಾಲನ್ನು ಲೋಕವು ಎಳೆಯುತ್ತದೆ. ಕಾಯಕದ ಬೆಲೆಯು ಆ ಸಾಲಿನಿಂದ ಹುಟ್ಟುವುದಿಲ್ಲ.

ಕಾಯಕದ ಬೆಲೆಯು ಹುಟ್ಟುವುದು ಶುದ್ಧಿಯಿಂದ. ಆಯ್ದಕ್ಕಿ ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಬೇಕಾದುದಕ್ಕಿಂತ ಮಿಗಿಲಾದ ಅಕ್ಕಿಯು ನಮಗೇಕೆ, ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಹಿಂದಿರುಗಿಸಿದಳು. ಬಡತನವು ಆಸೆಗೆ ನೆಪವಲ್ಲವೆಂಬುದು ಆ ತಾಯಿಯ ಉಪದೇಶ. ಇದಕ್ಕೆ ವಿರುದ್ಧವಾದ ದೃಷ್ಟಾಂತವು ಕಾಲ್ಚೆಂಡಾಟದ ಚರಿತ್ರೆಯಲ್ಲಿಯೂ ಉಂಟು. ಸ್ವಿಂಡನ್, ಮ್ಯಾನ್ಸ್‌ಫೀಲ್ಡ್ ಮೊದಲಾದ ಕ್ಲಬ್ಬುಗಳಲ್ಲಿ ಆಡಿದ್ದ ಜಿಮ್ಮಿ ಗಾಲ್ಡ್ ಎಂಬಾತನು ಆಟಗಾರರಿಗೆ ಹಣ ಕೊಟ್ಟು ಬೇಕೆಂದೇ ಸೋಲುವಂತೆ ಮಾಡಿ, ಆ ಸೋಲಿನ ಮೇಲೆ ಪಣ ಕಟ್ಟಿ ಲಾಭ ಪಡೆಯುವ ಜಾಲವನ್ನು ಹೂಡಿದನು. 1965ರಲ್ಲಿ ನಾಟಿಂಗ್‌ಹ್ಯಾಮಿನ ನ್ಯಾಯಾಲಯವು ಅವನಿಗೆ ನಾಲ್ಕು ವರ್ಷಗಳ ಸೆರೆಯನ್ನು ವಿಧಿಸಿತು. ಅವನೂ ಸೇರಿ ಹತ್ತು ಮಂದಿ ಆಟಗಾರರು ಸೆರೆಮನೆಗೆ ಹೋದರು. ಅವರಲ್ಲಿ ಕೆಳಶ್ರೇಣಿಯವರೂ ಇದ್ದರು, ಇಂಗ್ಲೆಂಡಿನ ತಂಡದಲ್ಲಿ ಆಡಿದ್ದವರೂ ಇದ್ದರು. ಮೈದಾನವು ಅದೇ, ಚೆಂಡು ಅದೇ, ಸುರಿಸಿದ ಬೆವರೂ ಅದೇ. ಆದರೆ ಶುದ್ಧಿಯು ಹೋದೊಡನೆ ಕಾಯಕವು ಕಳವಾಯಿತು. ಮೇಲಿನ ಸಾಲು ಅವರನ್ನು ಕಾಯಲಿಲ್ಲ, ಕೆಳಗಿನ ಸಾಲು ಅವರನ್ನು ಕೆಡಿಸಲೂ ಇಲ್ಲ, ಕೆಡಿಸಿದುದು ಆಸೆ.

ಎರಡನೆಯ ಶಂಕೆಯು ಹೆಚ್ಚು ಆಳವಾದುದು. ಫಲವಿಲ್ಲದ, ಹೆಸರಿಲ್ಲದ ದುಡಿಮೆಯಲ್ಲಿ ತೃಪ್ತನಾಗು ಎಂದು ಬೋಧಿಸುವುದು ದುಡಿಸಿಕೊಳ್ಳುವವನಿಗೆ ಅನುಕೂಲವಾದ ಮಾತಲ್ಲವೆ? ಕಾಯಕತತ್ತ್ವವು ಧಣಿಯ ಕೈಯಲ್ಲಿ ಕಡಿವಾಣವಾಗದೆ?

ಈ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಇಂಗ್ಲೆಂಡಿನಲ್ಲಿ 1901ರಿಂದ ಆಟಗಾರನ ವಾರದ ಸಂಬಳಕ್ಕೆ ಮಿತಿಯಿತ್ತು. ಮೊದಲು 4 ಪೌಂಡು, ಕೊನೆಗೆ 20 ಪೌಂಡು. ಮೈದಾನದಲ್ಲಿ ಸಾವಿರಾರು ಜನರು ಹಣ ಕೊಟ್ಟು ನೆರೆದರೂ ಆ ಮಿತಿಯನ್ನು ಮೀರುವಂತಿರಲಿಲ್ಲ. ಕರಾರು ಮುಗಿದ ಮೇಲೆಯೂ ಕ್ಲಬ್ಬು ಒಪ್ಪದೆ ಬೇರೆಡೆಗೆ ಹೋಗುವಂತಿರಲಿಲ್ಲ. ಜಿಮ್ಮಿ ಹಿಲ್ಲರ ನಾಯಕತ್ವದಲ್ಲಿ ಆಟಗಾರರ ಸಂಘವು ಮುಷ್ಕರಕ್ಕೆ ಸಿದ್ಧವಾದ ಮೇಲೆ 1961ರ ಜನವರಿಯಲ್ಲಿ ಸಂಬಳದ ಮಿತಿಯು ರದ್ದಾಯಿತು. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಆಟಗಾರರು ಹೂಡಿದ ದಾವೆಯಲ್ಲಿ, ಹೀಗೆ ಆಟಗಾರನನ್ನು ಕಟ್ಟಿಹಾಕುವುದು ವೃತ್ತಿಸ್ವಾತಂತ್ರ್ಯಕ್ಕೆ ನ್ಯಾಯವಲ್ಲದ ತಡೆಯೆಂದು 1963ರಲ್ಲಿ ತೀರ್ಪಾಯಿತು. ಇವರು ನ್ಯಾಯವನ್ನು ಬೇಡಿದುದು ಕಾಯಕಕ್ಕೆ ದ್ರೋಹವೆ? ಎಂದಿಗೂ ಅಲ್ಲ.

ಇಲ್ಲಿ ಸೂಕ್ಷ್ಮವಾದ ಒಂದು ಭೇದವನ್ನು ತಿಳಿಯಬೇಕು. ಹೆಚ್ಚಿನ ಅಕ್ಕಿಯನ್ನು ಬೇಡವೆಂದವಳು ಲಕ್ಕಮ್ಮನೇ ಹೊರತು, ಅವಳಿಗೆ ಅಕ್ಕಿಯನ್ನು ಅಳೆದು ತಡೆದವರು ಯಾರೂ ಇಲ್ಲ. ತೃಪ್ತಿಯು ದುಡಿಯುವವನು ತಾನಾಗಿ ಧರಿಸುವ ಆಭರಣ. ಪರರು ಅದನ್ನು ಅವನ ಕಾಲಿಗೆ ತೊಡಿಸಿದರೆ ಅದು ಬೇಡಿ. ಮಹಾಮನೆಯಲ್ಲಿ ದಾಸೋಹವು ದುಡಿಯುವವನಿಂದ ಮಾತ್ರ ನಡೆಯಲಿಲ್ಲ. ದುಡಿಮೆಯನ್ನು ಸ್ವೀಕರಿಸುವವನೂ ಅದಕ್ಕೆ ಬದ್ಧನಾಗಿದ್ದನು. 2019ರ ವಸಂತದಲ್ಲಿ ಬೆರಿ ಎಂಬ ಊರಿನ ಕ್ಲಬ್ಬಿನ ಆಟಗಾರರು ಸಂಬಳವು ಸರಿಯಾಗಿ ಬಾರದಿದ್ದಾಗಲೂ ಆಡಿ, ತಂಡವನ್ನು ನಾಲ್ಕನೆಯ ಶ್ರೇಣಿಯಿಂದ ಮೂರನೆಯದಕ್ಕೆ ಏರಿಸಿದರು. ಅದೇ ವರ್ಷ ಆಗಸ್ಟಿನಲ್ಲಿ, 1885ರಲ್ಲಿ ಸ್ಥಾಪಿತವಾದ ಆ ಕ್ಲಬ್ಬು ಹಣಕಾಸಿನ ಅವ್ಯವಸ್ಥೆಯಿಂದ ಲೀಗಿನಿಂದಲೇ ಹೊರಬಿದ್ದಿತು. ಆಡಿದವರ ಕಾಯಕದಲ್ಲಿ ಕೊರತೆಯಿರಲಿಲ್ಲ. ಆಡಿಸಿದವರ ದಾಸೋಹದಲ್ಲಿ ಇದ್ದಿತು. ಇನ್ನೂ ಗಂಭೀರವಾದ ಮಾತೊಂದುಂಟು. ಸ್ಕಾಟ್ಲೆಂಡಿನ ಮಾಜಿ ವೃತ್ತಿ ಆಟಗಾರರಲ್ಲಿ ಮಿದುಳು ಕ್ಷಯಿಸುವ ರೋಗಗಳಿಂದ ಉಂಟಾದ ಮರಣವು ಸಾಮಾನ್ಯ ಜನರಲ್ಲಿರುವುದಕ್ಕಿಂತ ಸುಮಾರು 3.5 ಪಟ್ಟು ಹೆಚ್ಚೆಂದು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ತೋರಿಸಿದರು. ಶರಣರು ದೇಹವನ್ನು ದೇವಾಲಯವೆಂದು ತಿಳಿದವರು. ಯೌವನದ ದೇಹವನ್ನು ಬಳಸಿಕೊಂಡ ಸಮಾಜವು ಮುಪ್ಪಿನ ದೇಹವನ್ನು ಮರೆತರೆ, ಉತ್ಸವವು ಮುಗಿದೊಡನೆ ಗುಡಿಗೆ ಬೆನ್ನು ತಿರುಗಿಸಿದಂತೆ.

ಕೊನೆಯ ಪ್ರಶ್ನೆ: ದೇಹದ ಬಲವು ಇಳಿದ ಮೇಲೆ ಈ ಕಾಯಕಜೀವಿಯ ಗತಿಯೇನು? ಸ್ವಿಂಡನ್ನಿನ ಗೋಲ್‌ಕೀಪರ್ ಜಿಮ್ಮಿ ಗ್ಲಾಸ್ ಎಂಬವರನ್ನು 1999ರಲ್ಲಿ ಕಾರ್ಲೈಲ್ ಕ್ಲಬ್ಬು ಎರವಲಾಗಿ ಪಡೆದಿತ್ತು. ಅವರು ಅಲ್ಲಿ ಆಡಿದುದು ಮೂರೇ ಪಂದ್ಯ. ಮೇ 8ರಂದು ಋತುವಿನ ಕಡೆಯ ಪಂದ್ಯದಲ್ಲಿ ಗೆಲ್ಲದಿದ್ದರೆ ಕಾರ್ಲೈಲ್ ಲೀಗಿನಿಂದಲೇ ಹೊರಬೀಳುವ ಸ್ಥಿತಿ. ಪ್ಲಿಮತ್ತಿನೊಡನೆ 1-1 ಸಮವಾಗಿ, ವೇಳೆಯೂ ಮುಗಿದು, ಕಡೆಯ ಕೆಲವು ಕ್ಷಣಗಳು ಮಾತ್ರ ಉಳಿದಿದ್ದಾಗ ಗ್ಲಾಸ್ ತಮ್ಮ ಗೋಲನ್ನು ಬಿಟ್ಟು ಮೈದಾನದ ಆಚೆಯ ತುದಿಗೆ ಓಡಿಹೋಗಿ, ಚೆಂಡನ್ನು ಎದುರಾಳಿಯ ಗೋಲಿಗೆ ಹೊಡೆದರು. ಕಾರ್ಲೈಲ್ ಉಳಿಯಿತು. ಊರಿಗೆ ಊರೇ ಮೈದಾನಕ್ಕೆ ನುಗ್ಗಿತು. ಆದರೆ ಆ ಕೀರ್ತಿಯು ಅವರಿಗೆ ಸ್ಥಿರವಾದ ನೆಲೆಯನ್ನು ಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ ವೃತ್ತಿಯಾಟವು ಮುಗಿಯಿತು. ಮುಂದೆ ಅವರು ಟ್ಯಾಕ್ಸಿ ನಡೆಸಿ ಜೀವಿಸಿದರು.

ಇದನ್ನು ಕೇಳಿದವರು ಅಯ್ಯೋ ಎನ್ನುವರು. ಅಯ್ಯೋ ಎನ್ನಲು ಕಾರಣವಿಲ್ಲ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ನೀರಿಗೆ ಜಾರಿ ಬಿದ್ದರೂ ನುಲಿಯ ಚಂದಯ್ಯನು ಕಾಯಕವನ್ನು ನಿಲ್ಲಿಸಲಿಲ್ಲವೆಂದು ಶರಣರ ಚರಿತ್ರೆಯು ಹೇಳುತ್ತದೆ. ಲಿಂಗವೇ ಜಾರಿದಾಗಲೂ ನಿಲ್ಲದ ಕಾಯಕವು ಕೀರ್ತಿಯು ಜಾರಿತೆಂದು ನಿಲ್ಲುವುದೆ? ಕಾಯಕವೆಂಬುದು ಒಂದು ವೃತ್ತಿಯ ಹೆಸರಲ್ಲ, ವೃತ್ತಿಗಳನ್ನೆಲ್ಲ ಪವಿತ್ರಗೊಳಿಸುವ ನಿಷ್ಠೆಯ ಹೆಸರು. ನೆರೆದ ಜನರ ಮುಂದೆ ಚೆಂಡನ್ನು ತಡೆದ ಕೈಯೇ ರಾತ್ರಿಯಲ್ಲಿ ಒಬ್ಬ ಪ್ರಯಾಣಿಕನನ್ನು ಮನೆಗೆ ಸುಖವಾಗಿ ಮುಟ್ಟಿಸಿದರೆ, ಮೊದಲನೆಯದಕ್ಕಿಂತ ಎರಡನೆಯದು ಕಡಿಮೆಯೆಂದು ಅಳೆಯುವ ಕೋಲು ಶರಣರಲ್ಲಿಲ್ಲ.

ಆದುದರಿಂದ ಸದ್ಭಕ್ತರಾದ ಗೃಹಸ್ಥರು ಮಕ್ಕಳ ಉದ್ಯೋಗವನ್ನು ವಿಚಾರಿಸುವಾಗ ಮೂರು ಪ್ರಶ್ನೆಗಳನ್ನು ಮೊದಲು ಕೇಳಲಿ: ಅದು ಶುದ್ಧವೆ? ಅದರಿಂದ ಪರರಿಗೆ ಹಿತವುಂಟೆ? ಅದು ಕೈಬಿಟ್ಟ ದಿನವೂ ದುಡಿಯುವ ನಿಷ್ಠೆಯು ಉಳಿಯುವಂತೆ ಮಗುವನ್ನು ಬೆಳೆಸಿದೆವೆ? ಸಂಬಳ ಹೆಸರುಗಳ ಪ್ರಶ್ನೆಗಳು ಆ ಮೇಲೆ ಬರಲಿ. ಹಾಗೆಯೇ ತಮ್ಮ ಹೊಲದಲ್ಲಿ, ಅಂಗಡಿಯಲ್ಲಿ, ಮನೆಯಲ್ಲಿ ದುಡಿಯುವವರಿಗೆ ತೃಪ್ತಿಯನ್ನು ಬೋಧಿಸುವ ಮೊದಲು ಅವರ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಲಿ. ಮೇಲುಸಾಲು ಕೆಳಸಾಲುಗಳು ಲೋಕದ ಪಟ್ಟಿಯಲ್ಲಿ ಇರುವುವು. ಶಿವನ ಲೆಕ್ಕದಲ್ಲಿ ಇರುವುದು ಸತ್ಯಶುದ್ಧವಾದ ದುಡಿಮೆಯೊಂದೇ.