ಕೊಯ್ಲುಗಾರರ ಕೂಲಿಯ ಕೂಗು

ಮೂಲವಾಕ್ಯ: ಯಾಕೋಬನ ಪತ್ರಿಕೆ, 5ನೆಯ ಅಧ್ಯಾಯ, 4ನೆಯ ವಚನ.



ಹೊಲವನ್ನು ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಗೆ ಬಾಯುಂಟು, ಅದರ ಕೂಗು ಕರ್ತನ ಕಿವಿಗೆ ಮುಟ್ಟುವದು ಎಂಬುದೇ ಈ ವಚನದ ಅಭಿಪ್ರಾಯವು. ಕೂಲಿಯ ಮಾತು ಲೋಕದ ಮಾತು, ದೇವಾಲಯದಲ್ಲಿ ಅದೇತಕ್ಕೆಂದು ಕೆಲವರು ಕೇಳುವರು. ಆದರೆ ದೇವರು ಕೇಳುವ ಕೂಗನ್ನು ದೇವರ ಸಭೆಯು ಕೇಳದೆ ಇರಬಹುದೋ? ಇದನ್ನು ವಿಚಾರಿಸುವದಕ್ಕೆ ಜೋಸೆಫ್ ಆರ್ಚ್ ಎಂಬ ಕೂಲಿಯವನ ಜೀವಿತವನ್ನು ನೋಡೋಣ.

ಇವನು 1826ನೆಯ ಇಸವಿಯಲ್ಲಿ ಇಂಗ್ಲೆಂಡ್ ದೇಶದ ವಾರಿಕ್‌ಶೈರ್ ಸೀಮೆಯ ಬಾರ್ಫರ್ಡ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆಯು ಹೊಲಗೆಲಸದವನು. ತಾಯಿಯು ಮಗನಿಗೆ ಸತ್ಯವೇದವನ್ನು ಓದಿ ಹೇಳುತ್ತಿದ್ದಳು. ಏಳು ವರುಷದ ಹುಡುಗನಾಗಿದ್ದಾಗ ಅವನು ಒಂದು ದಿನ ಊರ ದೇವಾಲಯದ ಬಾಗಿಲಿನ ಬೀಗದ ಕಂಡಿಯಿಂದ ಒಳಗೆ ಇಣಿಕಿ ನೋಡಿದನು. ಕರ್ತನ ಭೋಜನವು ನಡೆಯುತ್ತಿತ್ತು. ಮೊದಲು ಜಮೀನ್ದಾರನು ಹೋಗಿ ತೆಗೆದುಕೊಂಡನು. ಬಳಿಕ ದೊಡ್ಡ ರೈತರು. ಆಮೇಲೆ ಅಂಗಡಿಯವರೂ ಕಮ್ಮಾರನೂ. ಕಟ್ಟಕಡೆಗೆ ಕೂಲಿಯವರು ಮಾತ್ರವೇ ಬೇರೆಯಾಗಿ ಹೋದರು. ಅವರ ಪಕ್ಕದಲ್ಲಿ ಮತ್ತಾರೂ ಮೊಣಕಾಲೂರಲಿಲ್ಲ. ತನ್ನವರನ್ನು ಅಶುದ್ಧರೆಂಬಂತೆ ದೂರವಿಟ್ಟದ್ದನ್ನು ಕಂಡು ಬಾಲಕನ ಎದೆಗೆ ಅಲಗು ನಾಟಿದಂತಾಯಿತು. ದೇವರ ದೃಷ್ಟಿಯಲ್ಲಿ ನಮ್ಮ ತಂದೆಯು ಜಮೀನ್ದಾರನಿಗಿಂತ ಕಡಿಮೆಯೋ ಎಂದು ಓಡಿಹೋಗಿ ತಾಯಿಯನ್ನು ಕೇಳಿದನು.

ಪ್ರಿಯರೇ, ಈ ನೋವು ನಮಗೆ ಹೊಸದಲ್ಲ. ಕೊರಿಂಥದ ಸಭೆಯಲ್ಲಿ ಇದ್ದವರು ಇಲ್ಲದವರನ್ನು ನಾಚಿಕೆಪಡಿಸಿದಾಗ, ಇದು ಕರ್ತನ ಭೋಜನವೇ ಅಲ್ಲವೆಂದು ಪೌಲನು ಗದರಿಸಲಿಲ್ಲವೇ?

ಒಂಬತ್ತು ವರುಷಕ್ಕೆ ಆರ್ಚನು ಹೊಲದಲ್ಲಿ ಕಾಗೆ ಓಡಿಸುವ ಕೆಲಸಕ್ಕೆ ಸೇರಿದನು. ದಿನಕ್ಕೆ ಹನ್ನೆರಡು ತಾಸಿನ ಕಾವಲು, ಕೂಲಿಯು 4 ಪೆನ್ಸು. ಬೆಳೆದ ಮೇಲೆ ಬೇಲಿ ಸವರಿ ಕಟ್ಟುವದರಲ್ಲಿ ನಿಪುಣನೆನಿಸಿದನು. ಪ್ರಿಮಿಟಿವ್ ಮೆಥೊಡಿಸ್ಟ್ ಸಭೆಯಲ್ಲಿ ಸಂಬಳವಿಲ್ಲದ ಪ್ರಸಂಗಿಯೂ ಆದನು. (ಮೈಸೂರು ಸೀಮೆಯಲ್ಲಿ ಸುವಾರ್ತೆ ಸಾರಿದ ವೆಸ್ಲಿಯನ್ ಸಭೆಯೊಡನೆ ಆ ಸಭೆಯು 1932ರಲ್ಲಿ ಒಂದಾಯಿತು.)

ಆಗ ಆ ಸೀಮೆಯ ಹೊಲಗೆಲಸದವನಿಗೆ ವಾರಕ್ಕೆ ಸಿಕ್ಕುತ್ತಿದ್ದದ್ದು ಸುಮಾರು 12 ಶಿಲಿಂಗು. 1872ನೆಯ ಫೆಬ್ರವರಿ 7ರಂದು ಕೆಲವರು ಬಂದು ಅವನನ್ನು ವೆಲ್ಸ್‌ಬರ್ನ್ ಎಂಬ ಊರಿಗೆ ಮಾತಾಡುವದಕ್ಕೆ ಕರೆದರು. ಮೂವತ್ತು ಜನರಾದರೂ ಬರುವರೋ ಇಲ್ಲವೋ ಎಂದು ಹೋದವನ ಮುಂದೆ ಕತ್ತಲೆಯಲ್ಲಿ ಸಾವಿರಾರು ಜನರು ನೆರೆದಿದ್ದರು. ಅವರೆಯ ಬಳ್ಳಿಗೆ ನೆಡುವ ಕೋಲುಗಳಿಗೆ ಲಾಟೀನುಗಳನ್ನು ತೂಗಹಾಕಿದ್ದರು. ಮರದ ಕೆಳಗೆ, ಹಂದಿ ಕೊಯ್ಯುವ ಮಣೆಯ ಮೇಲೆ ನಿಂತು ಅವನು ಮಾತಾಡಿದನು. ಬಡಿದಾಟವನ್ನು ಬೋಧಿಸಲಿಲ್ಲ, ಒಟ್ಟಾಗಿ ನಿಂತು ನ್ಯಾಯವಾದ ಕೂಲಿಯನ್ನು ಕೇಳಿರೆಂದನು. ಅವರು ಕೇಳಿದ್ದು 16 ಶಿಲಿಂಗು. ಆ ಮಾರ್ಚ್ 29ರಂದು, ಶುಭ ಶುಕ್ರವಾರದಲ್ಲಿಯೇ, ಸೀಮೆಯ ಕೂಲಿಗಾರರ ಸಂಘವು ಸ್ಥಾಪಿತವಾಯಿತು. ಮೇ ತಿಂಗಳಲ್ಲಿ ದೇಶಕ್ಕೆಲ್ಲಾ ಒಂದು ಸಂಘವಾಗಿ ಆರ್ಚನು ಅದರ ಅಧ್ಯಕ್ಷನಾದನು.

ವಿರೋಧವು ಬಾರದೆ ಇರಲಿಲ್ಲ. 1873ರಲ್ಲಿ ಆಸ್ಕಟ್ ಎಂಬ ಹಳ್ಳಿಯಲ್ಲಿ, ಸಂಘದವರ ಬದಲಿಗೆ ಕೆಲಸಕ್ಕೆ ಬಂದವರನ್ನು ತಡೆದರೆಂದು 16 ಮಂದಿ ಸ್ತ್ರೀಯರನ್ನು ಸೆರೆಮನೆಗೆ ಹಾಕಿದರು. ಅವರಲ್ಲಿ ಕೈಗೂಸಿನ ತಾಯಂದಿರೂ ಇದ್ದರು. ತೀರ್ಪು ಕೊಟ್ಟ ನ್ಯಾಯಾಧಿಪತಿಗಳಿಬ್ಬರೂ ಪಾದ್ರಿಗಳೇ! ಕಾಗೆಯ ಮರಿಗಳ ಕೂಗನ್ನೂ ಕೇಳುವ ದೇವರ ಸೇವಕರಿಗೆ ಆ ಕೂಸುಗಳ ಅಳು ಕೇಳಿಸಲಿಲ್ಲ. 1874ರಲ್ಲಿ ಪೂರ್ವ ಸೀಮೆಗಳ ರೈತರು ಸಂಘದವರಿಗೆ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಸಂಘವು ಸೋತಿತು, ಕ್ರಮೇಣ ಕುಗ್ಗಿತು, 1896ರಲ್ಲಿ ಅಳಿಯಿತು.

ಹಾಗಾದರೆ ಪ್ರಯಾಸವೆಲ್ಲಾ ವ್ಯರ್ಥವೋ? ಅಲ್ಲ. 1884ರ ಕಾನೂನಿನಿಂದ ಹಳ್ಳಿಯ ಅನೇಕ ಕೂಲಿಗಾರರಿಗೆ ಮತದ ಹಕ್ಕು ಬಂತು. ಮರುವರುಷ ಆರ್ಚನು ಪಾರ್ಲಿಮೆಂಟಿಗೆ ಆಯ್ಕೆಯಾದನು. ಕಾಗೆ ಓಡಿಸಿದ ಹುಡುಗನು ದೇಶದ ಕಾನೂನು ಮಾಡುವ ಸಭೆಯಲ್ಲಿ ಕುಳಿತನು. 1919ರಲ್ಲಿ ಹುಟ್ಟೂರಿನಲ್ಲಿಯೇ ತೀರಿಕೊಂಡನು. ಬಿತ್ತುವವನು ಒಬ್ಬನು, ಕೊಯ್ಯುವವನು ಮತ್ತೊಬ್ಬನು ಎಂಬ ಕರ್ತನ ಮಾತು ಅವನ ಸಂಘದ ವಿಷಯದಲ್ಲಿಯೂ ನಿಜವಾಯಿತು.

ಈಗ ನಮ್ಮ ಕಡೆಗೆ ತಿರುಗೋಣ. ನಮ್ಮಲ್ಲಿ ಕೂಲಿ ತೆಗೆದುಕೊಳ್ಳುವವರಿದ್ದಾರೆ. ದೇವರ ದಯೆಯಿಂದ ತುಂಡು ಭೂಮಿ ಸಂಪಾದಿಸಿ ಕೂಲಿ ಕೊಡುವವರಾದವರೂ ಇದ್ದಾರೆ. ಕೊಡುವವನೇ, ಹೊತ್ತು ಮುಣುಗುವ ಮುಂಚೆ ಕೂಲಿಯನ್ನು ಕೊಡಬೇಕೆಂಬ ಮೋಶೆಯ ಆಜ್ಞೆಯನ್ನು ನೆನಸು. ಕಳೆ ಕಿತ್ತವಳನ್ನು ನಾಳೆ ಬಾ ಎಂದು ಬಾಗಿಲಿನಿಂದ ಕಳುಹಿಸಿ, ರಾತ್ರಿ ಪ್ರಾರ್ಥನೆಗೆ ಮೊಣಕಾಲೂರುವಿಯೋ? ನಿನ್ನ ಪ್ರಾರ್ಥನೆಗಿಂತ ಮೊದಲು ಅವಳ ಕೂಗು ಅಲ್ಲಿ ಮುಟ್ಟಿರುವದು. ದುಡಿಯುವವನೇ, ನ್ಯಾಯವನ್ನು ಕೇಳುವದು ಪಾಪವೆಂದು ನಾಚಬೇಡ; ದ್ವೇಷವಿಲ್ಲದೆ, ಸುಳ್ಳಿಲ್ಲದೆ, ನಿನ್ನ ಸಹೋದರರೊಡನೆ ನಿಂತು ಕೇಳು. ಸಭೆಯ ಹಿರಿಯರೇ, ಕರ್ತನ ಮೇಜಿನ ಬಳಿಯಲ್ಲಿ ಯಾರು ಮೊದಲು, ಯಾರು ಕಡೆ ಎಂಬ ಸಾಲನ್ನು ಅಳಿಸಿರಿ. ನಮ್ಮ ಮಕ್ಕಳೂ ಬಾಗಿಲಿನ ಕಂಡಿಯಿಂದ ನೋಡುತ್ತಿದ್ದಾರೆ.

ಬಡಗಿಯ ಮನೆಯಲ್ಲಿ ಕೈದುಡಿದ ನಮ್ಮ ಕರ್ತನು ನಮ್ಮ ಕಿವಿಗಳನ್ನು ತೆರೆಯಲಿ. ಆಮೆನ್.