ಸಾಲವಿರುವ ಮನೆಯ ಹೊಸ್ತಿಲು



ಮನೆಗೆ ಬೀಗ ಹಾಕಿಕೊಂಡು ಸಂಸಾರ ಸಮೇತ ಊರು ಬಿಡುವುದು ಬರಗಾಲದಲ್ಲಿ ಮಾತ್ರ ಎಂದು ನಾವು ತಿಳಿದಿದ್ದೆವು. ಆದರೆ 2025ರ ಜನವರಿಯಲ್ಲಿ ನಂಜನಗೂಡು ತಾಲೂಕಿನ ಹಳ್ಳಿಗಳಿಂದ ಅಂಥ ಸುದ್ದಿ ಬಂದಾಗ ಕಪಿಲೆಯಲ್ಲಿ ನೀರಿತ್ತು, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯೂ ಇತ್ತು. ಅವರನ್ನು ಊರು ಬಿಡಿಸಿದ್ದು ಮೈಕ್ರೋ ಫೈನಾನ್ಸ್ ಸಾಲದ ಕಂತು; ಕಂತಿಗಿಂತ ಹೆಚ್ಚಾಗಿ, ವಸೂಲಿಗೆ ಬಂದವರು ಬಾಗಿಲಲ್ಲಿ ನಿಂತು ನೆರೆಹೊರೆಯವರಿಗೆಲ್ಲ ಕೇಳುವಂತೆ ಆಡಿದ ಮಾತು.

ನಂಜನಗೂಡಿನಿಂದ ತಿ. ನರಸೀಪುರದ ಸಂಗಮದವರೆಗೆ, ಕೂಲಿಯನ್ನೇ ನಂಬಿದ ಮನೆಗಳಲ್ಲಿ ಈ ಸಾಲ ಹೇಗೆ ಬೆಳೆಯುತ್ತದೆ ಬಲ್ಲಿರಾ? ಆಸ್ಪತ್ರೆಗೆಂದು ಒಂದು ಸಾಲ; ಅದರ ಕಂತು ಕಟ್ಟಲು ಇನ್ನೊಂದು; ಎರಡನ್ನೂ ತೀರಿಸಲು ಮೂರನೆಯದು. ಗುಂಪು ಸಾಲದಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಹೀಗೆ ನಿನ್ನೆಯವರೆಗೆ ಉಪ್ಪು, ಹುಳಿ ಕೊಟ್ಟು ತೆಗೆದುಕೊಂಡ ನೆರೆಮನೆಯಾಕೆಯೇ ಇಂದು ವಸೂಲಿಗೆ ನಿಲ್ಲುತ್ತಾಳೆ. ಅಂಥ ಇಬ್ಬರು ಭಾನುವಾರದ ಬಲಿಪೂಜೆಯಲ್ಲಿ ಒಂದೇ ಸಾಲಿನಲ್ಲಿ ಮುಖ ತಿರುಗಿಸಿ ಕುಳಿತಿದ್ದರೆ, ಅದು ನಮ್ಮ ಧರ್ಮಕೇಂದ್ರದ ವಿಷಯವಲ್ಲವೇ?

ಪವಿತ್ರ ಗ್ರಂಥಕ್ಕೆ ಈ ಹೊಸ್ತಿಲಿನ ಸಂಕಟ ಗೊತ್ತು. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವನ್ನು ತೆರೆದು ನೋಡಿ. ಸಾಲ ಕೊಟ್ಟವನು ಅಡವು ತೆಗೆದುಕೊಳ್ಳಲು ಬಡವನ ಮನೆಯೊಳಗೆ ಹೋಗಕೂಡದು; ಅವನು ಹೊರಗೇ ನಿಂತಿರಬೇಕು, ಕೊಡುವವನೇ ಹೊರಗೆ ತಂದುಕೊಡಬೇಕು ಎಂಬುದು ಅಲ್ಲಿನ ಕಟ್ಟಳೆ. ಹಣ ಕೊಟ್ಟ ಮಾತ್ರಕ್ಕೆ ಮನೆಯ ಮಾನದ ಮೇಲೆ ಹಕ್ಕು ಬರುವುದಿಲ್ಲ ಎಂದೇ ಇದರ ಅರ್ಥ. ಬಡವನ ಹೊಸ್ತಿಲನ್ನು ಸ್ವತಃ ದೇವರೇ ಕಾಯುತ್ತಾರೆ.

ಇಂದಿನ ಕಾನೂನೂ ಇದನ್ನು ಒಪ್ಪುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಜಾರಿಗೆ ತಂದ ನಿಯಮದಂತೆ, ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ನಮ್ಮ ರಾಜ್ಯ ಸರ್ಕಾರವು 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ 10 ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಗೊತ್ತುಮಾಡಿತು. ಆದರೆ ಕಾನೂನು ಇದೆಯೆಂದು ಹೆದರಿದ ತಾಯಿಗೆ ತಿಳಿಸುವವರು ಯಾರು? ಪೊಲೀಸ್ ಠಾಣೆಗೆ ಆಕೆಯೊಡನೆ ಹೋಗುವವರು ಯಾರು?

ಅರಸುಗಳ ಎರಡನೆಯ ಗ್ರಂಥದ ವಿಧವೆಯನ್ನು ನೆನೆಯೋಣ. ಸಾಲಕ್ಕಾಗಿ ಆಕೆಯ ಇಬ್ಬರು ಮಕ್ಕಳನ್ನು ಜೀತಕ್ಕೆ ಎಳೆದೊಯ್ಯಲು ಸಾಲಿಗನು ಬಂದಿದ್ದ. ಪ್ರವಾದಿ ಎಲೀಷನು ಆಕೆಯನ್ನು ಗದರಲಿಲ್ಲ. ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿದ. ಇದ್ದದ್ದು ಒಂದಿಷ್ಟು ಎಣ್ಣೆ. ನೆರೆಯವರು ಬರಿಯ ಪಾತ್ರೆಗಳನ್ನು ಕೊಟ್ಟರು, ಆಕೆ ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ದಳು, ಪಾತ್ರೆಗಳೆಲ್ಲ ತುಂಬಿದವು. ಅದನ್ನು ಮಾರಿ ಸಾಲ ತೀರಿಸಿದಳು, ಮಿಕ್ಕದ್ದರಲ್ಲಿ ಜೀವನ ನಡೆಸಿದಳು. ಆ ಮುಚ್ಚಿದ ಬಾಗಿಲನ್ನು ಗಮನಿಸಿ. ದೇವರ ನೆರವು ಬೀದಿಯ ಪ್ರದರ್ಶನವಾಗಲಿಲ್ಲ. ಅಕ್ಕಿ ಬೇಳೆಯ ಚೀಲ ಕೈಗಿತ್ತು ಫೋಟೋ ತೆಗೆಯುವ ನಾವು, ವಸೂಲಿಗಾರನಂತೆಯೇ ಆ ಮನೆಯ ಬಡತನವನ್ನು ಬೀದಿಗೆ ತರುತ್ತಿಲ್ಲವೇ?

ಶ್ರೀಸಭೆಗೆ ಈ ಸೇವೆ ಹೊಸದೇನಲ್ಲ. ಬಡವರು ಬಡ್ಡಿಯ ಬಾಯಿಗೆ ಬೀಳಬಾರದೆಂದು ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1462ರಲ್ಲಿ ಇಟಲಿಯ ಪೆರೂಜಿಯಾ ನಗರದಲ್ಲಿ ಸಾಲನಿಧಿ ತೆರೆದರು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಜಾನಾಂ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಬಡವರನ್ನು ತಮ್ಮ ಬಳಿಗೆ ಕರೆಸಿಕೊಳ್ಳದೆ, ತಾವೇ ಅವರ ಮನೆಗಳಿಗೆ ಹೋದರು. ನಮ್ಮ ಮೈಸೂರು ಧರ್ಮಕ್ಷೇತ್ರದ ಓ.ಡಿ.ಪಿ. ಸಂಸ್ಥೆಯೂ ಹಳ್ಳಿಯ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟಿದೆ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಪ್ರತಿದಿನ ಒಲೆಗೆ ಎಸರಿಡುವಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕೋಣ. ತಿಂಗಳಿಗೊಮ್ಮೆ ಅದು ದೇವಾಲಯಕ್ಕೆ ಬಂದು, ಅಲ್ಲಿಂದ ಸದ್ದಿಲ್ಲದೆ ಕಷ್ಟದ ಮನೆ ಸೇರಲಿ. ಎರಡನೆಯದಾಗಿ, ಲೆಕ್ಕ ಬಲ್ಲ ಬ್ಯಾಂಕ್ ನೌಕರರು, ನಿವೃತ್ತ ಶಿಕ್ಷಕರು ತಿಂಗಳಿಗೊಂದು ಸಂಜೆ ಕೊಡಲಿ. ಸಾಲದ ಪುಸ್ತಕಗಳನ್ನೆಲ್ಲ ಮುಂದಿಟ್ಟುಕೊಂಡು, ಯಾವುದು ಎಷ್ಟು, ಬಡ್ಡಿ ಎಷ್ಟು, ಯಾವುದನ್ನು ಮೊದಲು ತೀರಿಸಬೇಕು ಎಂದು ಆ ಕುಟುಂಬದೊಡನೆ ಬರೆಯಲಿ. ಆ ಮಾತು ಆ ಕೋಣೆಯಿಂದ ಹೊರಗೆ ಹೋಗಬಾರದು. ಮೂರನೆಯದಾಗಿ, ಸಾಲ ಮಾಡಿ ಮದುವೆ, ನಾಮಕರಣಗಳ ಊಟ ಹಾಕುವ ಪೈಪೋಟಿಯನ್ನು ಉಳ್ಳವರೇ ಮೊದಲು ಬಿಡಲಿ.

ಸಾಲದಲ್ಲಿರುವ ಸಹೋದರಿಯೇ, ನಿನಗೊಂದು ಮಾತು. ನ್ಯಾಯವಾದ ಸಾಲವನ್ನು ತೀರಿಸಬೇಕು, ನಿಜ. ಆದರೆ ಅದಕ್ಕಾಗಿ ಪ್ರಾಣ ಕೊಡಬೇಕಿಲ್ಲ, ಊರು ಬಿಡಬೇಕಿಲ್ಲ. ಆ ವಿಧವೆಯ ಬಿಡುಗಡೆ ಆರಂಭವಾದದ್ದು ಆಕೆ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದಾಗ. ನೀನೂ ಹೇಳು.

ಮಿಕ್ಕವರೇ, ನಿಮ್ಮ ಬೀದಿಯಲ್ಲಿ ಇಂದು ಹಗಲಲ್ಲೂ ಕದ ಮುಚ್ಚಿರುವ ಮನೆ ಯಾವುದು? ಆ ಕದವನ್ನು ಮೆಲ್ಲಗೆ ತಟ್ಟಿರಿ. ಕರೆದರೆ ಮಾತ್ರ ಒಳಗೆ ಹೋಗಿರಿ.